ಎಲ್ಲವೂ ಪಾಚಿಯಲ್ಲ

ಮಳೆಗಾಲದಲ್ಲಿ ಹೊಸಪೇಟೆಯ ಚಹಾದಂಗಡಿಗಳ ಮುಂದೆ ಬೆಳಗಿನ ಮೊದಲ ಪ್ರಶ್ನೆ ಒಂದೇ: ‘ಡ್ಯಾಂ ಎಷ್ಟಾತು?’ ಪೂರ್ಣ ಮಟ್ಟ 1633 ಅಡಿ, ಕ್ರೆಸ್ಟ್ ಗೇಟುಗಳು 33, ಹೂಳು ತುಂಬಿದ ಮೇಲೆ ಉಳಿದ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ. ಈ ಅಂಕಿಗಳು ಇಲ್ಲಿಯ ಹೈಸ್ಕೂಲು ಮಕ್ಕಳಿಗೂ ಬಾಯಿಪಾಠ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗಲಂತೂ ಮನೆಮನೆಯಲ್ಲೂ ಕ್ಯೂಸೆಕ್ಕಿನ ಲೆಕ್ಕವೇ ನಡೆದಿತ್ತು.

ಆದರೆ ಅದೇ ಮಕ್ಕಳನ್ನು ಊರ ಕೆರೆಯ ದಂಡೆಗೆ ಕರೆದೊಯ್ದು, ನೀರಿನಲ್ಲಿ ಬೆಳೆದು ನಿಂತಿರುವ ಹಸಿರನ್ನು ತೋರಿಸಿ ‘ಇದೇನು?’ ಎಂದು ಕೇಳಿದರೆ ಬರುವ ಉತ್ತರಗಳು ಮೂರೇ. ಮುಳುಗಿರುವುದೆಲ್ಲ ಪಾಚಿ, ತೇಲುವುದೆಲ್ಲ ಅಂತರಗಂಗೆ, ಎದ್ದು ನಿಂತಿರುವುದೆಲ್ಲ ಹುಲ್ಲು! ನೀರಿನ ಅಳತೆ ಗೊತ್ತಿರುವ ಊರಿಗೆ ನೀರಿನೊಳಗಿನ ಜೀವಗಳ ಗುರುತು ಇಲ್ಲ. ಇದು ಮಕ್ಕಳ ತಪ್ಪಲ್ಲ. ಅವರಿಗೆ ಯಾರೂ ನಿಂತು ತೋರಿಸಿಲ್ಲ, ಅಷ್ಟೆ.

ಹೆಸರು ತಪ್ಪಿದರೆ ಏನಾಗುತ್ತದೆ?

ಗಿಡದ ಹೆಸರು ತಿಳಿದು ಆಗಬೇಕಾದ್ದೇನು, ಪರೀಕ್ಷೆಯಲ್ಲಿ ಕೇಳುವುದಿಲ್ಲವಲ್ಲ ಎಂದು ಪಾಲಕರು ಅನ್ನಬಹುದು. ಇದಕ್ಕೆ ಉತ್ತರ ಇನ್ನೊಂದು ಅಣೆಕಟ್ಟಿನ ಕಥೆಯಲ್ಲಿದೆ.

ಆಫ್ರಿಕಾದ ಜಾಂಬೆಜಿ ನದಿಗೆ ಕಟ್ಟಿದ ಕರೀಬಾ ಅಣೆಕಟ್ಟಿನಲ್ಲಿ ನೀರು ನಿಲ್ಲತೊಡಗಿದ್ದು 1958ರ ಕೊನೆಯಲ್ಲಿ. ನಾಲ್ಕು ವರ್ಷ ತುಂಬುವುದರೊಳಗೆ, ಅಂದರೆ 1962ರ ಹೊತ್ತಿಗೆ, ತೇಲುವ ಒಂದು ಜರೀಗಿಡ ಅಲ್ಲಿ ಸುಮಾರು 1000 ಚದರ ಕಿಲೋಮೀಟರ್ ನೀರನ್ನು ಮುಚ್ಚಿಬಿಟ್ಟಿತು. ನಮ್ಮ ತುಂಗಭದ್ರಾ ಜಲಾಶಯ ತುಂಬಿದಾಗ ಅದರ ಹರವು 378 ಚದರ ಕಿಲೋಮೀಟರ್. ಅಂಥ ಎರಡೂವರೆ ಜಲಾಶಯಗಳನ್ನು ಮುಚ್ಚುವಷ್ಟು ಕಳೆ ಎಂದರೆ ಅದರ ಅಗಾಧತೆ ಅರ್ಥವಾದೀತು.

ಆ ಗಿಡವನ್ನು ವಿಜ್ಞಾನಿಗಳು ಮೊದಲು ‘ಸಾಲ್ವಿನಿಯ ಆರಿಕ್ಯುಲೇಟ’ ಎಂದು ಗುರುತಿಸಿದ್ದರು. ಒಂದು ಕಳೆಯನ್ನು ಹತೋಟಿಗೆ ತರಬೇಕಾದರೆ ಅದರ ತವರಿನಲ್ಲಿ ಅದನ್ನೇ ತಿಂದು ಬದುಕುವ ಕೀಟವನ್ನು ಹುಡುಕಿ ತರುವುದು ಒಂದು ಕ್ರಮ. ಹಾಗೆಯೇ ಟ್ರಿನಿಡಾಡ್ ಮೊದಲಾದೆಡೆ ಆರಿಕ್ಯುಲೇಟದ ಶತ್ರುಗಳನ್ನು ಹುಡುಕಿ ತಂದು ಬಿಟ್ಟರು. ನಿರೀಕ್ಷಿಸಿದ ಫಲ ಸಿಗಲಿಲ್ಲ. ಕೊನೆಗೆ 1972ರಲ್ಲಿ ಡಿ.ಎಸ್. ಮಿಚೆಲ್ ಎಂಬ ವಿಜ್ಞಾನಿ ಈ ಗಿಡವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ, ಇದು ಬೇರೆಯೇ ಜಾತಿ ಎಂದು ತೋರಿಸಿ ‘ಸಾಲ್ವಿನಿಯ ಮೊಲೆಸ್ಟ’ ಎಂದು ಹೆಸರಿಟ್ಟರು. ಅದರ ನಿಜವಾದ ತವರು ಆಗ್ನೇಯ ಬ್ರೆಜಿಲ್ ಎಂದು 1978ರಲ್ಲಿ ಪತ್ತೆಯಾಯಿತು. ಅಲ್ಲಿ ಸಿಕ್ಕಿದ್ದು ಎರಡು ಮಿಲಿಮೀಟರ್ ಉದ್ದದ ಒಂದು ಮೂತಿಹುಳು. ಅದನ್ನು 1980ರಲ್ಲಿ ಆಸ್ಟ್ರೇಲಿಯಾದ ಮೂಂಡಾರ ಎಂಬ ಸರೋವರದಲ್ಲಿ ಬಿಟ್ಟಾಗ ಒಂದು ವರ್ಷದ ಆಸುಪಾಸಿನಲ್ಲಿ ಕಳೆ ನೆಲಕಚ್ಚಿತು. ಅದೇ ಹುಳು ಮುಂದೆ ಭಾರತಕ್ಕೂ ಬಂತು. 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆಯ ಕೊಳದಲ್ಲಿ ಅದನ್ನು ಬಿಟ್ಟಾಗ ವರ್ಷ ತುಂಬುವುದರೊಳಗೆ ಕಳೆ ಹೋಗಿ ನೈದಿಲೆ ಮತ್ತೆ ಚಿಗುರಿತು. ‘ಆಫ್ರಿಕನ್ ಪಾಯಲ್’ ಎಂಬ ಹೆಸರಿನಲ್ಲಿ ಈ ಕಳೆ ಕಾಡುತ್ತಿದ್ದ ಕೇರಳದಲ್ಲೂ ಆ ಹುಳು ಉಪಕಾರಕ್ಕೆ ಬಂತು.

ಹತ್ತಾರು ವರ್ಷಗಳ ಶ್ರಮ ಹಾದಿ ತಪ್ಪಿದ್ದು ಒಂದು ಹೆಸರು ತಪ್ಪಿದ್ದರಿಂದ. ಹುಳುವಿಗೆ ತನ್ನ ಗಿಡ ಯಾವುದೆಂದು ಗೊತ್ತಿತ್ತು, ಮನುಷ್ಯನಿಗೆ ಗೊತ್ತಿರಲಿಲ್ಲ!

ಎಲ್ಲಿ ನೋಡಬೇಕು?

ನೀರಿನ ಗಿಡಗಳನ್ನು ಕಲಿಯಲು ಡ್ಯಾಮಿನ ದೊಡ್ಡ ನೀರು ಒಳ್ಳೆಯ ಜಾಗವಲ್ಲ. ಮಳೆಗಾಲದಲ್ಲಿ ಏರಿ ಬೇಸಿಗೆಯಲ್ಲಿ ಬಹು ದೂರ ಹಿಂದೆ ಸರಿಯುವ ದಂಡೆಯಲ್ಲಿ ಬೇರೂರಿ ನಿಲ್ಲುವುದು ಹೆಚ್ಚಿನ ಗಿಡಗಳಿಗೆ ಕಷ್ಟ. ಅಲೆಗಳ ಹೊಡೆತವೂ ಇದೆ. ಅವಕ್ಕೆ ಬೇಕಾದ್ದು ಆಳವಿಲ್ಲದ, ನಿಂತ ಅಥವಾ ನಿಧಾನವಾಗಿ ಹರಿಯುವ, ಬಿಸಿಲು ತಳ ಮುಟ್ಟುವ ನೀರು.

ಅಂಥ ನೀರನ್ನು ವಿಜಯನಗರದ ಕಾಲದವರೇ ಈ ನಾಡಿಗೆ ಧಾರಾಳವಾಗಿ ಕೊಟ್ಟು ಹೋಗಿದ್ದಾರೆ. ರಾಯ ಕಾಲುವೆ, ಬಸವ ಕಾಲುವೆ, ಹಂಪಿಯ ಬಾಳೆ ತೋಟಗಳ ನಡುವೆ ಹರಿಯುವ ತುರ್ತಾ ಕಾಲುವೆ ಇಂದಿಗೂ ನೀರುಣಿಸುತ್ತಿವೆ. ಕಮಲಾಪುರದ ಕೆರೆ ಇದೆ. ದರೋಜಿಯ ಕೆರೆ ಇದೆ. ಇವಲ್ಲದೆ ಹಳ್ಳಿಯ ಕುಂಟೆ, ಕೆರೆಯ ಕೋಡಿಯ ಕೆಳಗಿನ ಜವುಗು, ಕಂಪ್ಲಿಯ ಭತ್ತದ ಗದ್ದೆಯ ಬದು, ಇವೆಲ್ಲ ಬಿಡಿಗಾಸೂ ಬೇಡದ ಪ್ರಯೋಗಶಾಲೆಗಳು.

ಮೊದಲು ಬೇರು, ಆಮೇಲೆ ಹೆಸರು

ಗಿಡ ಕಂಡ ಕೂಡಲೇ ಹೆಸರಿಗಾಗಿ ಪುಸ್ತಕ ಬಿಚ್ಚುವುದು ಹೊಸಬರು ಮಾಡುವ ತಪ್ಪು. ಮೊದಲು ಕೇಳಿಕೊಳ್ಳಬೇಕಾದದ್ದು ಎರಡು ಪ್ರಶ್ನೆ. ಬೇರು ಕೆಸರಿನಲ್ಲಿದೆಯೇ ಅಥವಾ ಗಿಡ ಬಿಡಿಯಾಗಿ ತೇಲುತ್ತಿದೆಯೇ? ಎಲೆ ಎಲ್ಲಿದೆ: ನೀರಿನ ಮೇಲಕ್ಕೆ ಎದ್ದಿದೆಯೇ, ನೀರಿಗೆ ಅಂಟಿದಂತೆ ತೇಲುತ್ತಿದೆಯೇ, ಪೂರ್ತಿ ಮುಳುಗಿದೆಯೇ?

ಈ ಎರಡು ಪ್ರಶ್ನೆಗಳಿಂದಲೇ ನಾಲ್ಕು ಗುಂಪುಗಳಾಗುತ್ತವೆ. ಬಿಡಿಯಾಗಿ ತೇಲುವವು ಒಂದು. ಬೇರು ಕೆಸರಿನಲ್ಲಿ, ಎಲೆ ನೀರ ಮೇಲೆ ತೇಲುವ ನೈದಿಲೆಯಂಥವು ಎರಡನೆಯದು. ಹೈಡ್ರಿಲ್ಲದಂತೆ ಮುಳುಗಿಯೇ ಬಾಳುವವು ಮೂರನೆಯದು. ಬುಡ ನೀರಿನಲ್ಲಿ, ಮೈ ಗಾಳಿಯಲ್ಲಿ ಇರುವ ಆಪು, ಜೊಂಡುಗಳಂಥವು ನಾಲ್ಕನೆಯದು. ನೂರು ಗಿಡಗಳಿರುವ ಕೆರೆಯಲ್ಲಿ ಗುಂಪು ಗೊತ್ತಾದರೆ ಹುಡುಕಾಟ ಇಪ್ಪತ್ತು ಮೂವತ್ತಕ್ಕೆ ಇಳಿಯುತ್ತದೆ. ಆಮೇಲೆ ಎಲೆಯ ಜೋಡಣೆ, ಅಂಚು, ತೊಟ್ಟು, ಕೊನೆಗೆ ಹೂವು.

ಅವಳಿಗಳಂತೆ ಕಾಣುವವರು

ಕಮಲ ಮತ್ತು ನೈದಿಲೆಯಿಂದ ಆರಂಭಿಸಬಹುದು. ಕಮಲದ ಎಲೆ ಅಖಂಡ ವೃತ್ತ. ತೊಟ್ಟು ಛತ್ರಿಯ ಕೋಲಿನಂತೆ ಸರಿಯಾಗಿ ನಡುವಿಗೆ ಅಂಟಿರುತ್ತದೆ. ಬೆಳೆದ ಎಲೆಗಳು ನೀರಿನಿಂದ ಮೇಲಕ್ಕೆ ಎದ್ದು ನಿಲ್ಲುತ್ತವೆ. ನೈದಿಲೆಯ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಸೀಳು ಇರುತ್ತದೆ, ಎಲೆ ತೇಲುತ್ತದೆ. ಕಮಲದ ಎಳೆಯ ಎಲೆಗಳೂ ಮೊದಲು ತೇಲುವುದರಿಂದ ‘ತೇಲಿದರೆ ನೈದಿಲೆ’ ಎಂಬ ಸೂತ್ರ ಕೈಕೊಡುತ್ತದೆ. ನಂಬಬೇಕಾದ್ದು ಸೀಳನ್ನು. ಹೂವು ಉದುರಿದ ಮೇಲೆ ಕಮಲದಲ್ಲಿ ಕುಳಿಗಳಿರುವ ಚಪ್ಪಟೆ ತಲೆ ಉಳಿಯುತ್ತದೆ. ನೈದಿಲೆಯ ಕಾಯಿ ನೀರಿನೊಳಗೆ ಇಳಿದು ಮಾಗುತ್ತದೆ.

ಇವೆರಡೂ ಹತ್ತಿರದ ಬಂಧುಗಳೆಂದು ಬಹುಕಾಲ ಭಾವಿಸಲಾಗಿತ್ತು. ಡಿ.ಎನ್.ಎ. ಪರೀಕ್ಷೆ ಬಂದ ಮೇಲೆ ಆ ನಂಟು ಮುರಿಯಿತು. ಕಮಲದ ಬಳಗದಲ್ಲಿರುವುದು ಪ್ಲೇನ್ ಎಂಬ ಮರ, ಸಿಲ್ವರ್ ಓಕ್ ಸೇರಿದ ಪ್ರೋಟಿಯ ಕುಟುಂಬದಂಥವು; ನೈದಿಲೆಯದು ಹೂಬಿಡುವ ಸಸ್ಯಗಳಲ್ಲೇ ಬಹು ಪುರಾತನವಾದ ಬೇರೆ ಕವಲು. ಒಂದೇ ಕೆರೆಯಲ್ಲಿ ಬಾಳಿ ಬಾಳಿ ಒಂದೇ ರೂಪ ಪಡೆದವರು ಅವರು, ಒಡಹುಟ್ಟಿದವರಲ್ಲ.

ಇನ್ನು ಅಂತರಗಂಗೆ. ಈ ಒಂದು ಹೆಸರಿನಲ್ಲಿ ಜನ ಎರಡು ಗಿಡಗಳನ್ನು ಕರೆಯುತ್ತಾರೆ. ಒಂದು ಪಿಸ್ಟಿಯ. ನೀರಿನ ಮೇಲೆ ಯಾರೋ ಎಲೆಕೋಸಿನ ಸಣ್ಣ ಸಸಿ ತೇಲಿಬಿಟ್ಟಂತೆ ಕಾಣುತ್ತದೆ. ಎಲೆಗೆ ತೊಟ್ಟಿಲ್ಲ, ಮೇಲೆ ಮಖಮಲ್ಲಿನಂಥ ರೋಮ, ಉದ್ದಕ್ಕೆ ಗೆರೆಗಳು. ಹೂವು ಎಷ್ಟು ಚಿಕ್ಕದೆಂದರೆ ಭೂತಗನ್ನಡಿ ಬೇಕು. ಇದು ಕೆಸುವಿನ ಕುಟುಂಬದ್ದು. ಇನ್ನೊಂದು ವಾಟರ್ ಹಯಸಿಂತ್. ಇದರ ಎಲೆ ನುಣುಪು, ಹೊಳಪು. ತೊಟ್ಟು ಊದಿಕೊಂಡು ಸ್ಪಂಜಿನಂತಿರುತ್ತದೆ. ಹೂವು ತಿಳಿ ನೇರಳೆ, ಮೇಲಿನ ಎಸಳಿನಲ್ಲಿ ನವಿಲುಗರಿಯ ಕಣ್ಣಿನಂಥ ಹಳದಿ ಗುರುತು. ದಕ್ಷಿಣ ಅಮೆರಿಕದ ಈ ಗಿಡ ಚೆಲುವಾದ ಹೂವಿನಿಂದಾಗಿಯೇ ದೇಶದೇಶಗಳಿಗೆ ಹೋಗಿ, ಆಮೇಲೆ ಕೆರೆಗಳನ್ನು ಕಟ್ಟಿಹಾಕಿತು. ಒತ್ತೊತ್ತಾಗಿ ಬೆಳೆದಾಗ ತೊಟ್ಟು ಊದದೆ ಉದ್ದವಾಗುವುದುಂಟು. ಆಗ ಗುಂಪಿನ ಅಂಚಿನಲ್ಲಿರುವ ಗಿಡವನ್ನು ನೋಡಬೇಕು. ಇದರ ಮೇಲೂ ಮೂತಿಹುಳುಗಳನ್ನು 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಯಿತು. ಆ ಹುಳು ಪಿಸ್ಟಿಯದ ಕಳೆಯನ್ನು ಕಳೆಯಲಾರದು. ಪಿಸ್ಟಿಯಕ್ಕೆ ಅದರದೇ ಬೇರೆ ಹುಳು ಇದೆ. ‘ಕೆರೆಯಲ್ಲಿ ಅಂತರಗಂಗೆ ತುಂಬಿದೆ’ ಎಂದು ಅರ್ಜಿ ಬರೆಯುವ ಮುನ್ನ ಯಾವ ಅಂತರಗಂಗೆ ಎಂದು ನೋಡುವುದು ಇದಕ್ಕಾಗಿಯೇ.

ಮುಳುಗಿದ ಗಿಡಗಳಲ್ಲಿ ಹೈಡ್ರಿಲ್ಲ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತ. ದ್ಯುತಿಸಂಶ್ಲೇಷಣೆಯ ಪ್ರಯೋಗದಲ್ಲಿ ಬೀಕರಿನೊಳಗೆ ಆಲಿಕೆಯ ಕೆಳಗೆ ಕುಳಿತು ಆಮ್ಲಜನಕದ ಗುಳ್ಳೆ ಬಿಡುವ ಗಿಡ ಅದೇ. ಚಿತ್ರ ಬರೆದು ಅಂಕ ಪಡೆದವರು ಕೆರೆಯಲ್ಲಿ ಅದನ್ನೇ ಕಂಡಾಗ ಪಾಚಿ ಎನ್ನುತ್ತಾರೆ! ಕಾಂಡದ ಒಂದೊಂದು ಗಂಟಿನಲ್ಲಿ ಸುತ್ತಲೂ ಮೂರರಿಂದ ಎಂಟು ಪುಟ್ಟ ಎಲೆಗಳಿದ್ದು, ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದರೆ ಅದು ಹೈಡ್ರಿಲ್ಲ. ಎಲೆಗಳು ಕವೆಯೊಡೆದ ದಾರಗಳಂತಿದ್ದು ಗಿಡಕ್ಕೆ ಬೇರೇ ಇಲ್ಲದಿದ್ದರೆ ಅದು ಸೆರಟೊಫಿಲಮ್. ಬುಡದಿಂದಲೇ ಹಸಿರು ರಿಬ್ಬನ್ನುಗಳು ಎದ್ದಿದ್ದರೆ ವ್ಯಾಲಿಸ್ನೇರಿಯ. ಅದರ ಹೆಣ್ಣು ಹೂವು ಉದ್ದ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು, ತೇಲಿ ಬರುವ ಗಂಡು ಹೂಗಳಿಂದ ಪರಾಗ ಪಡೆದು, ತೊಟ್ಟನ್ನು ಸ್ಪ್ರಿಂಗಿನಂತೆ ಸುತ್ತಿಕೊಂಡು ಮತ್ತೆ ಕೆಳಗಿಳಿಯುತ್ತದೆ.

ಇವುಗಳ ನಡುವೆ ಕಾರ ಎಂಬ ಮೋಸಗಾರನೂ ಇದ್ದಾನೆ. ನೋಟಕ್ಕೆ ಸೆರಟೊಫಿಲಮಿನಂತೆಯೇ ಸುತ್ತುಸುತ್ತಿನ ಕಡ್ಡಿಗಳು. ಆದರೆ ಬೆರಳಲ್ಲಿ ಹಿಡಿದರೆ ಸುಣ್ಣದ ಗರಸು, ಮೂಗಿಗೆ ಹಿಡಿದರೆ ದುರ್ವಾಸನೆ, ಹೂವೆಂಬುದು ಎಂದಿಗೂ ಇಲ್ಲ. ಇದು ಶೈವಲ. ಅಂತೂ ನಿಜವಾದ ಒಂದು ಪಾಚಿ ಸಿಕ್ಕಿತು!

ಎದ್ದು ನಿಂತ ‘ಹುಲ್ಲು’ಗಳಿಗೆ ಬೆರಳೇ ಸಾಕು. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿದಾಗ ಮೂರು ಏಣು ಸಿಕ್ಕಿದರೆ ಅದು ಸಾಮಾನ್ಯವಾಗಿ ಜೇಕಿನ ಜಾತಿ; ದುಂಡಗಿದ್ದು ಗಂಟುಗಳಿದ್ದರೆ ಹುಲ್ಲು. ಮನುಷ್ಯನೆತ್ತರಕ್ಕೆ ಬೆಳೆದು, ಕಂದು ಬಣ್ಣದ ಉರುಟಾದ ತೆನೆ ಹೊತ್ತು ನಿಂತರೆ ಆಪು. ದಂಡೆಯಲ್ಲಿ ನಾಲ್ಕೆಸಳಿನ ಪುಟ್ಟ ಎಲೆ ಕಂಡರೆ ಅದನ್ನು ಮೂರೆಸಳಿನ ಪುಲ್ಲಂಪುರಚಿಯೊಡನೆ ಬೆರೆಸಬಾರದು. ಅದು ಮಾರ್ಸೀಲಿಯ, ನೀರಿನ ಜರೀಗಿಡ. ಹೂವಿಗಾಗಿ ಕಾಯುವುದು ವ್ಯರ್ಥ. ಬುಡದಲ್ಲಿ ಕಾಳಿನಂಥ ಗಟ್ಟಿ ಬೀಜಕಕೋಶಗಳಿರುತ್ತವೆ.

ಒಂದೇ ಗಿಡ ಎರಡು ವೇಷ ಹಾಕುವುದೂ ಉಂಟು. ಲಿಮ್ನೊಫಿಲ ಎಂಬ ಗಿಡದ ಮುಳುಗಿದ ಎಲೆಗಳು ಕೂದಲಿನಂತೆ ಸೀಳಿರುತ್ತವೆ; ಅದೇ ಕಾಂಡ ನೀರಿನಿಂದ ಮೇಲೆ ಬಂದಾಗ ಎಲೆಗಳು ಇಡಿಯಾಗುತ್ತವೆ. ಆದ್ದರಿಂದ ತುದಿಯನ್ನಷ್ಟೇ ಚಿವುಟಿ ತಂದವರಿಗೆ ಅರ್ಧ ಗಿಡ ಮಾತ್ರ ಗೊತ್ತಾಗುತ್ತದೆ.

ನೀರೇ ಹಸಿರಾದಾಗ

ಇತ್ತೀಚಿನ ಹಲವು ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರು ಬಣ್ಣಕ್ಕೆ ತಿರುಗಿದ ಸುದ್ದಿ ಪತ್ರಿಕೆಗಳಲ್ಲಿ ಬಂದು ಜನ ಗಾಬರಿಗೊಂಡದ್ದುಂಟು. ಇಂಥ ನೀರಿನಲ್ಲಿ ಕಾಂಡವಿಲ್ಲ, ಎಲೆಯಿಲ್ಲ. ಬಣ್ಣ ಮಾತ್ರ ಇರುತ್ತದೆ. ಹೊಲದ ಗೊಬ್ಬರ, ಊರಿನ ಕೊಳಚೆ ಸೇರಿದ ನೀರು ನಿಂತು, ಬಿಸಿಲು ಬಿದ್ದಾಗ ಸೂಕ್ಷ್ಮಜೀವಿಗಳು ಹೀಗೆ ಕೋಟಿಗಟ್ಟಲೆ ಹೆಚ್ಚುತ್ತವೆ. ಅವುಗಳಲ್ಲಿ ‘ನೀಲಿಹಸಿರು ಪಾಚಿ’ ಎನ್ನುವುದು ವಾಸ್ತವವಾಗಿ ಬ್ಯಾಕ್ಟೀರಿಯ. ಕೆಲವು ಜಾತಿಗಳು ವಿಷ ಉತ್ಪಾದಿಸುತ್ತವೆ. ಉಪಾಧ್ಯಾಯರು ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಯಲ್ಲಿ ಇಂಥ ನೀರು ತುಂಬಿ ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಒಂದು ಸುಳಿವು ಸಿಗುತ್ತದೆ. ಹಸಿರು ಮೇಲೆ ತೇಲಿ ಉಂಗುರ ಕಟ್ಟಿದರೆ ನೀಲಿಹಸಿರು ಬಗೆಯೆಂದು ಸಂಶಯಿಸಬೇಕು. ತಳದಲ್ಲಿ ಕುಳಿತರೆ ಸಾಮಾನ್ಯ ಹಸಿರು ಶೈವಲವಿರಬಹುದು. ಖಚಿತವಾಗಿ ಹೇಳುವುದು ಸೂಕ್ಷ್ಮದರ್ಶಕ ಮಾತ್ರ. ಅಲ್ಲಿಯವರೆಗೆ ಆ ನೀರನ್ನು ಮನುಷ್ಯರೂ ದನಕರುಗಳೂ ಕುಡಿಯದಿರುವುದು ಕ್ಷೇಮ.

ತಟ್ಟೆ, ಪೆನ್ಸಿಲ್, ಹಳೆ ಪತ್ರಿಕೆ

ಸಲಕರಣೆಗಳಿಗೆ ಹೆಚ್ಚಿನ ಖರ್ಚಿಲ್ಲ. ಒಂದು ಬಿಳಿ ತಟ್ಟೆ, ಭೂತಗನ್ನಡಿ, ಪೆನ್ಸಿಲ್, ತುದಿಗೆ ಕೊಕ್ಕೆ ಕಟ್ಟಿದ ಉದ್ದ ಕೋಲು, ಒಂದಿಷ್ಟು ಹಳೆ ಪತ್ರಿಕೆ. ನೀರಿನಿಂದ ಎತ್ತಿದ ಹೈಡ್ರಿಲ್ಲ ಮುದ್ದೆಯಾಗಿ ಗುರುತೇ ಸಿಗದಂತಾಗುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ತೇಲಿಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಒಣಗಿಸಿಡಬೇಕಾದರೆ ಗಿಡ ತೇಲುತ್ತಿರುವಾಗಲೇ ಕೆಳಗಿನಿಂದ ದಪ್ಪ ಹಾಳೆಯನ್ನು ತೂರಿಸಿ, ಎಲೆಗಳನ್ನು ಕಡ್ಡಿಯಿಂದ ಹರಡಿ, ಹಾಳೆಯನ್ನು ಓರೆಯಾಗಿ ಮೇಲೆತ್ತಬೇಕು. ಅದರ ಮೇಲೆ ತೆಳು ಬಟ್ಟೆ ಹಾಸಿ, ಪತ್ರಿಕೆಗಳ ನಡುವೆ ಇಟ್ಟು, ಭಾರ ಹೇರಿ, ದಿನಾಲೂ ಪತ್ರಿಕೆ ಬದಲಿಸಬೇಕು. ಬಟ್ಟೆ ಇಲ್ಲದಿದ್ದರೆ ಗಿಡ ಪತ್ರಿಕೆಗೇ ಅಂಟಿಕೊಳ್ಳುತ್ತದೆ.

ದಿನಾಂಕ, ಊರು, ನೀರಿನ ಆಳ, ನಿಂತ ನೀರೋ ಹರಿವ ನೀರೋ, ಹೂವಿನ ಬಣ್ಣ ಇವನ್ನು ಅಲ್ಲಿಯೇ ಪೆನ್ಸಿಲಿನಲ್ಲಿ ಬರೆಯಬೇಕು. ಶಾಯಿ ಒದ್ದೆಯಾದರೆ ಹರಡುತ್ತದೆ, ಒಣಗಿದ ಹೂವು ಬಣ್ಣ ಕಳೆದುಕೊಳ್ಳುತ್ತದೆ. ಹೆಸರು ಗೊತ್ತಾಗದಿದ್ದರೆ ಆ ಜಾಗವನ್ನು ಖಾಲಿ ಬಿಡುವುದೇ ಪ್ರಾಮಾಣಿಕತೆ. ವಾಟರ್ ಹಯಸಿಂತಿನ ವೈಜ್ಞಾನಿಕ ಹೆಸರನ್ನೇ ಐಕಾರ್ನಿಯದಿಂದ ಪಾಂಟಿಡೀರಿಯಕ್ಕೆ ವಿಜ್ಞಾನಿಗಳು ಬದಲಿಸಿದ್ದಾರೆ. ಹೆಸರು ಬದಲಾದೀತು, ಸರಿಯಾಗಿ ನೋಡಿ ಬರೆದದ್ದು ಬದಲಾಗುವುದಿಲ್ಲ.

ಮುಂದಿನ ಹಂತಕ್ಕೆ ಹೋಗುವವರಿಗೆ ಆಧಾರ ಗ್ರಂಥಗಳಿವೆ. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿಗೆ ಸೇರಿದ್ದರಿಂದ, 1915ರಲ್ಲಿ ಗ್ಯಾಂಬಲ್ ಆರಂಭಿಸಿ 1936ರಲ್ಲಿ ಫಿಶರ್ ಮುಗಿಸಿದ ಮದರಾಸ್ ಪ್ರಾಂತ್ಯದ ಸಸ್ಯಸಂಪತ್ತಿನ ಸಂಪುಟಗಳು ಇಲ್ಲಿಗೂ ಅನ್ವಯಿಸುತ್ತವೆ. ನೀರಿನ ಗಿಡಗಳಿಗೆಂದೇ 1996ರಲ್ಲಿ ಬಂದ ಸಿ.ಡಿ.ಕೆ. ಕುಕ್ ಅವರ ಗ್ರಂಥವಿದೆ. ವಿದ್ಯಾರ್ಥಿಗಳೊಡನೆ ಗಿಡ ಹುಡುಕುತ್ತ ಅಲೆಯುವುದರ ಸುಖ ಏನೆಂದು ತಿಳಿಯಬೇಕಾದರೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಇದ್ದೇ ಇದೆ.

ಪಾಲಕರ ಗಮನಕ್ಕೆ

ಮಕ್ಕಳು ಒಬ್ಬರೇ ನೀರಿನ ಬಳಿ ಹೋಗಕೂಡದು. ಡ್ಯಾಮಿನ ದೊಡ್ಡ ಕಾಲುವೆಗಳ ದಂಡೆ ಜಾರುತ್ತದೆ, ಸೆಳೆತ ಬಲವಾದದ್ದು. ಅಲ್ಲಿ ಗಿಡ ಹುಡುಕಲೇಬಾರದು. ತುಂಗಭದ್ರಾ ನದಿಯಲ್ಲಿ ಮೊಸಳೆಗಳಿವೆ. ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅಲ್ಲಿ ನೋಡಬಹುದು, ಕೀಳಬಾರದು. ಕೆರೆಯಲ್ಲೂ ಮೊಣಕಾಲು ಮೀರಿ ಇಳಿಯುವ ಅಗತ್ಯವಿಲ್ಲ, ಕೋಲು ಇರುವುದು ಅದಕ್ಕಾಗಿಯೇ. ಮನೆಯ ಅಕ್ವೇರಿಯಮಿನ ಗಿಡಗಳನ್ನು ಎಂದೂ ಕೆರೆಗೆ ಸುರಿಯಬಾರದು. ಸೊಬಗಿಗಾಗಿ ತಂದ ಗಿಡವೇ ಕಳೆಯಾಗಬಲ್ಲದೆಂದು ಹಯಸಿಂತ್ ಕಲಿಸಿದ ಪಾಠ ಒಂದೇ ಸಾಕು.

ಕೊನೆಯ ಮಾತು. ಈ ವಿದ್ಯೆ ಕಾಲೇಜಿನಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಭತ್ತದ ಗದ್ದೆಯಲ್ಲಿ ಎಕೈನೊಕ್ಲೋವ ಎಂಬ ಹುಲ್ಲು ಭತ್ತದ ಎಳೆ ಸಸಿಯನ್ನೇ ಹೋಲುತ್ತದೆ. ಭತ್ತದಲ್ಲಿ ಎಲೆ ಕಾಂಡವನ್ನು ಕೂಡುವ ಕಡೆ ತೆಳುವಾದ ಬಿಳಿ ಪೊರೆ ಇರುತ್ತದೆ, ಈ ಹುಲ್ಲಿನಲ್ಲಿ ಇರುವುದಿಲ್ಲ ಎಂದು ಪುಸ್ತಕ ಹೇಳುತ್ತದೆ. ಕಂಪ್ಲಿಯ ಗದ್ದೆಗಳಲ್ಲಿ ಬಗ್ಗಿ ಕಳೆ ಕೀಳುವ ತಾಯಂದಿರು ಆ ಪುಸ್ತಕ ಓದಿದವರಲ್ಲ. ಆದರೂ ಅವರ ಕೈ ಕಳೆಯನ್ನು ಕೀಳುತ್ತದೆ, ಸಸಿಯನ್ನು ಬಿಡುತ್ತದೆ. ತಪ್ಪಿದರೆ ಮನೆಯ ಅನ್ನಕ್ಕೆ ಕುತ್ತು ಎಂಬ ಅರಿವೇ ಅವರಿಗೆ ಆ ಕಣ್ಣು ಕೊಟ್ಟಿದೆ. ಗದ್ದೆಗೆ ಬುತ್ತಿ ಒಯ್ಯುವ ಮಗ ಅಥವಾ ಮಗಳು ಒಂದು ಗಳಿಗೆ ಬದುವಿನ ಮೇಲೆ ಕುಳಿತು ‘ಅವ್ವಾ, ಇದು ಕಳೆ ಅಂತ ಹೆಂಗ ಗೊತ್ತಾತು?’ ಎಂದು ಕೇಳಿದರೆ, ಸಸ್ಯಶಾಸ್ತ್ರದ ಮೊದಲ ಪಾಠ ಅಲ್ಲಿಯೇ ಆರಂಭವಾದಂತೆ.